ಭಾನುವಾರಕ್ಕೆ ಬುಕ್ಕಾದ ಡೋಲು

ಫೆಬ್ರವರಿ 2, ಗುರುವಾರ

ಇವತ್ತೂ ಎಡಗೈ ಕೈಕೊಟ್ಟಿತು. ಬಲಗೈಯ ದಪ್ಪ ಕೋಲು ಹೇಳಿದಂತೆ ಕೇಳುತ್ತದೆ. ಎಡಗೈಯ ತೆಳು ಬೆತ್ತ ಮಾತ್ರ ಚರ್ಮಕ್ಕೆ ಬಡಿದು ಅಲ್ಲೇ ಕೂರುತ್ತದೆ. ಡೋಲು ಕಲಿಸುವ ಮಿಲ್ಖಿ ಉಸ್ತಾದರು ಬೀಡಿ ಆರಿಸಿ ಹೇಳಿದರು: "ಡಾಕ್ಟ್ರೇ, ಇಂಜೆಕ್ಷನ್ ಚುಚ್ಚಿದಂಗೆ ಚುಚ್ಬೇಡ. ತಾಗ್ಸು, ಎತ್ಕೊ. ಅಷ್ಟೇ."

ನಾನು ಡಾಕ್ಟರಲ್ಲ, ಡಿಸ್ಪೆನ್ಸರಿಯ ಕಾಂಪೌಂಡರ್. ನಿಜವಾದ ಡಾಕ್ಟರು ಊರಿನ ಕಡೆ ತಲೆ ಹಾಕಿ ಎರಡು ವರ್ಷವಾಯಿತು, ಹಾಗಾಗಿ ಎಲ್ಲರಿಗೂ ನಾನೇ. ನಲವತ್ತೊಂದನೇ ವಯಸ್ಸಿನಲ್ಲಿ ಇದೇನು ಹುಚ್ಚು ಅಂತ ಹೆಂಡತಿ. ಏನು ಹೇಳಲಿ... ಹೆಗಲಿಗೆ ಹಾಕಿಕೊಂಡರೆ ನನ್ನ ಹೊಟ್ಟೆಯೊಳಗೇ ಬಾರಿಸಿದಂತಾಗುತ್ತದೆ. ಅದು ಇಷ್ಟ.

ಫೆಬ್ರವರಿ 6, ಸೋಮವಾರ

ಪಕ್ಕದ ಮನೆಯ ಹರಪಿಂದರ್ ಡಿಸ್ಪೆನ್ಸರಿಗೆ ಬಂದಿದ್ದ. "ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ನಿಮ್ ಡೋಲಿಂದ ನಮ್ ಬೇಬೇಗೆ ಕಣ್ಣಿಗೆ ಕಣ್ಣು ಹತ್ತಲ್ಲ. ತೊಂಬತ್ತೆರಡು ವರ್ಷದ ಅಜ್ಜಿ. ಏನಾದ್ರೂ ಕೊಡಿ."

ನಾಚಿಕೆಯಾಯಿತು. ನಿದ್ದೆ ಮಾತ್ರೆ ಒಂದು ಸ್ಟ್ರಿಪ್ ಕೊಟ್ಟೆ. ಮಲಗುವಾಗ ಅರ್ಧ, ಅದಕ್ಕಿಂತ ಹೆಚ್ಚಿಲ್ಲ ಅಂತ ಎರಡು ಸಲ ಹೇಳಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು. ಕೊಟ್ಟೆ.

ನಾಳೆಯಿಂದ ಅಭ್ಯಾಸ ಊರಾಚೆಯ ಸಾಸಿವೆ ಹೊಲದಲ್ಲಿ.

ಫೆಬ್ರವರಿ 15, ಬುಧವಾರ

ಮಂಜಿಗೆ ಚರ್ಮ ಸಡಿಲ. ಉಸ್ತಾದರು ಡೋಲನ್ನು ಬಿಸಿಲಿಗಿಟ್ಟು, ಮೊಣಕಾಲು ಒತ್ತಿ ಹಗ್ಗ ಬಿಗಿದರು. ಆಮೇಲೆ ಬೆತ್ತ ತಾಗಿಸಿದರೆ... ಟಣ್ ಅಂತ ಎದ್ದಿತು. ಎಡಗೈ ಮೊದಲ ಸಲ ನನ್ನದಾಯಿತು. ಉಸ್ತಾದರು ಹೊಗಳಲಿಲ್ಲ. "ಹ್ಞೂಂ" ಅಂದರು. ಸಾಕು.

ಹರಪಿಂದರ್ ಮತ್ತೆ ಬಂದಿದ್ದ. ಸ್ಟ್ರಿಪ್ ನೀರಿಗೆ ಬಿತ್ತಂತೆ. ಇನ್ನೊಂದು ಕೊಟ್ಟೆ.

ಫೆಬ್ರವರಿ 22, ಬುಧವಾರ

ನನಗೆ ಬುಕಿಂಗ್ ಬಂತು. ನನಗೆ!

ಹರಪಿಂದರನೇ. "ಭಾನುವಾರ ಬೆಳಿಗ್ಗೆ ಮನೇಲೊಂದು ಕಾರ್ಯ ಇದೆ ಡಾಕ್ಟ್ರೇ. ನೀವೇ ಬಾರಿಸ್ಬೇಕು. ಕುಣಿಯೋದು ಗಿಣಿಯೋದು ಬೇಡ. ನಡ್ಕೊಂಡು ಹೋಗೋ ತಾಳ, ನಿಧಾನಕ್ಕೆ. ಮನೆಯಿಂದ ಕಾಲುವೆ ತನಕ." ಅಡ್ವಾನ್ಸ್ ಕೈಗಿಟ್ಟ. ಹಣೆಗೊತ್ತಿಕೊಂಡೆ. ಯಾವ ಕಾರ್ಯ ಅಂತ ಕೇಳುವುದೂ ಮರೆತೆ, ಅಷ್ಟು ಖುಷಿ. ಹೋಗುವಾಗ ಇನ್ನೊಂದು ಸ್ಟ್ರಿಪ್ ಕೇಳಿದ. ಆ ಖುಷಿಯಲ್ಲಿ ಅದನ್ನೂ ಕೊಟ್ಟೆ.

ಫೆಬ್ರವರಿ 24, ಶುಕ್ರವಾರ. ಮಧ್ಯಾಹ್ನ

ಉಸ್ತಾದರಿಗೆ ಹೇಳಿದೆ. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟರು.

"ಮದುವೆಗೆ ಯಾರಾದ್ರೂ ನಿಧಾನದ ತಾಳ ಕೇಳ್ತಾರೇನೋ?"

"ಇನ್ನೇನೋ ಕಾರ್ಯ ಇರ್ಬೇಕು, ಉಸ್ತಾದ್‌ಜಿ."

"ಕಾಲುವೆ ಪಕ್ಕ ಏನೈತೆ?"

ಸ್ಮಶಾನ.

ಮರಿಮಕ್ಕಳನ್ನು ಕಂಡು ಸತ್ತವರನ್ನು ನಮ್ಮಲ್ಲಿ ಅಳುತ್ತಾ ಕಳಿಸುವುದಿಲ್ಲ. ಚಟ್ಟಕ್ಕೆ ಬಣ್ಣದ ಕಾಗದ, ಬಲೂನು ಕಟ್ಟಿ, ಲಡ್ಡು ಹಂಚಿ, ಡೋಲು ಬಾರಿಸಿಕೊಂಡು ಹೋಗುತ್ತೇವೆ. ಹರಪಿಂದರ್ ಕೇಳಿದ್ದು ಅದರ ತಾಳವನ್ನೇ.

"ನಲವತ್ತು ವರ್ಷದಿಂದ ಬಾರಿಸ್ತಿದೀನಿ," ಅಂದರು ಉಸ್ತಾದರು. "ಸತ್ತ ಮೇಲೆ ಬಂದು ಕರೀತಾರೆ. ಬದುಕಿರುವಾಗ್ಲೇ ದಿನ ಗೊತ್ಮಾಡಿ ಅಡ್ವಾನ್ಸ್ ಕೊಟ್ಟೋರನ್ನ ನಾನು ಕಂಡಿಲ್ಲ. ಯಾರಿಗೆ ಅಂತ ಕೇಳ್ದೆ ದುಡ್ಡು ಮುಟ್ಟಿದ್ಯಲ್ಲೋ..."

ಅದೇ ದಿನ, ಸಂಜೆ 5

ಬಿ.ಪಿ. ನೋಡುವ ನೆವ ಮಾಡಿ ಹೋದೆ. ಬೇಬೇ ನಿಹಾಲ್ ಕೌರ್ ಅಂಗಳದ ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. ಬಿ.ಪಿ. ನನ್ನದಕ್ಕಿಂತ ಚೆನ್ನಾಗಿದೆ.

"ಯಾಕೋ ಮಗಾ, ಡೋಲು ನಿಲ್ಸ್ಬಿಟ್ಟೆ? ಆ ಸದ್ದಿಗೆ ಸುಖವಾಗಿ ನಿದ್ದೆ ಬರ್ತಿತ್ತು."

"ಮಾತ್ರೆ ತಗೊಳ್ತಿದೀರಲ್ಲ ಬೇಬೇ?"

"ಯಾವ ಮಾತ್ರೆ? ನಾನ್ಯಾವತ್ತು ಮಾತ್ರೆ ನುಂಗಿದೀನಿ?"

ಸೋಮವಾರ ತಹಸೀಲ್ದಾರ್ ಕಚೇರಿಗೆ ಹೋಗುತ್ತಾರಂತೆ. ಎರಡು ಎಕರೆ ಮಗಳ ಹೆಸರಿಗೆ ಹೆಬ್ಬೆಟ್ಟು ಒತ್ತಲು. "ಹರಪಿಂದರನಿಗೆ ಹೊಟ್ಟೆಯುರಿ. ಬೈದ, ಕೂಗಾಡ್ದ. ಈಗ ದಾರಿಗೆ ಬಂದಿದಾನೆ ಪಾಪ. ಇವತ್ತಿಂದ ಮಲಗೋವಾಗ ಹಾಲು ಅವನೇ ಕಾಯಿಸ್ಕೊಡ್ತಾನಂತೆ."

ಕುಡಿಯಬೇಡಿ ಅನ್ನಬೇಕಿತ್ತು. ತಲೆಯೆತ್ತಿದೆ. ಬಾಗಿಲಲ್ಲಿ ಹರಪಿಂದರ್. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬಿ.ಪಿ. ಹೇಗಿದೆ ಡಾಕ್ಟ್ರೇ?"

"ಚೆನ್ನಾಗಿದೆ," ಅಂದೆ. ಅಷ್ಟೇ ಅಂದೆ. ಎದ್ದು ಬಂದೆ. ಮಾತ್ರೆ ನನ್ನವು. ಮೂರು ಸ್ಟ್ರಿಪ್, ಚೀಟಿ ಇಲ್ಲ. ಹೇಳಿದರೆ ಮೊದಲು ಒಳಗೆ ಹೋಗುವವನು ನಾನು. ಹೇಡಿ. ಬೇರೆ ಪದ ಇಲ್ಲ.

ಫೆಬ್ರವರಿ 25, ಶನಿವಾರ. ಬೆಳಿಗ್ಗೆ 6:40

ಕಣ್ಣು ಮುಚ್ಚಲಿಲ್ಲ. ನಿರ್ಧಾರವಾಯಿತು. ಡೋಲು ಹೆಗಲಿಗೆ ಹಾಕಿಕೊಂಡು ಅವರ ಬಾಗಿಲಲ್ಲೇ ನಿಂತು ಬಾರಿಸುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಡೋಲು ಕೇಳಿದರೆ ಇಡೀ ಊರು ಬರುತ್ತದೆ, ಸರಪಂಚನೂ ಬರುತ್ತಾನೆ. ಎಲ್ಲರೆದುರಿಗೆ ಹೇಳುತ್ತೇನೆ, ಮಾತ್ರೆ ಕೊಟ್ಟವನು ನಾನೇ ಅಂತಲೂ. ಕೆಲಸ ಹೋಗಲಿ. ಜೈಲಾಗಲಿ. ಬೇಬೇಯನ್ನು ಇವತ್ತೇ ಮಗಳ ಮನೆಗೆ ಕರೆದೊಯ್ಯುತ್ತೇನೆ.

ಹಗ್ಗ ಬಿಗಿಯಬೇಕು, ರಾತ್ರಿಯ ಮಂಜಿಗೆ ಮತ್ತೆ ಸಡಿಲಾಗಿದೆ.

ಹೊರಗೆ ಯಾರೋ ಬಂದರು. ಹೆಂಡತಿ ಅಂಗಳದಿಂದ ಕೂಗುತ್ತಿದ್ದಾಳೆ — ಹರಪಿಂದರ್ ಬಂದಿದಾನೆ ಕಣ್ರೀ, ಬರಿಗಾಲಲ್ಲಿ. ಕಾರ್ಯ ನಾಳೆ ಅಲ್ವಂತೆ, ಇವತ್ತೇ ಅಂತೆ, ಡೋಲು ತಗೊಂಡು ಬೇಗ