ಬಾಯ್ಲರ್ ಫೈಲಿನಲ್ಲಿ ನನ್ನ ಫೋಟೋ

ಸಿರುಗುಪ್ಪ

ಬಾಯ್ಲರ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ನಿನ್ನೆ ನೀವು ನಮ್ಮ ಅಕ್ಕಿ ಗಿರಣಿಗೆ ಬಂದಾಗ, ಮಾಲೀಕರು ಕೊಟ್ಟ ಫೈಲಿನಲ್ಲಿ ಪರೀಕ್ಷೆ ಪಾಸಾದ ಬಾಯ್ಲರ್ ಆಪರೇಟರ್ ಎಂದು ನನ್ನ ಫೋಟೋ ಇತ್ತು. "ನೀನೇನಾ?" ಎಂದು ನೀವು ಕೇಳಿದಿರಿ. ಮಾಲೀಕರ ಎದುರು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಗೆ ಸಾಲಿ ಬಿಟ್ಟವನು. ಒಲೆಗೆ ಹೊಟ್ಟು ಹಾಕುವುದಷ್ಟೇ ಗೊತ್ತು. ಆವಿಯ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದರೆ ಏನು ಮಾಡಬೇಕೋ ತಿಳಿಯದು. ಮಾಲೀಕರನ್ನು ಕೇಳಿದರೆ, "ಓದದೇ ಪಾಸಾಗಿದ್ದೀ, ಪೇಡೆ ಹಂಚೋ" ಎಂದು ನಕ್ಕರು.

ಬಾಯ್ಲರ್ ಗೋಡೆಯಾಚೆ ನಮ್ಮವ್ವ ಸೇರಿ ಹನ್ನೊಂದು ಹೆಂಗಸರು ಭತ್ತ ಹರವುತ್ತಾರೆ. ನನ್ನ ಹೆಸರು ಹೊಡೆದುಹಾಕಿರಿ. ಕೆಲಸ ಹೋಗುತ್ತದೆ, ಹೋಗಲಿ. ಕಲಿತವರು ಬರುವ ತನಕ ಬಾಯ್ಲರ್ ನಿಲ್ಲಿಸಿರಿ. ಇವತ್ತು ನಾನು ಬೆಂಕಿ ಹಚ್ಚಲಿಲ್ಲ. ನಾಳೆ ಮಾಲೀಕರು ಬೇರೆಯವರಿಂದ ಹಚ್ಚಿಸುತ್ತಾರೆ.

ಉತ್ತರ ಬರೆಯಬೇಡಿರಿ, ನೀವೇ ಬರ್ರಿ.

ಪಂಪಾಪತಿ