ಕೆಂಚ ಸತ್ತದ್ದನ್ನು ನೀವು ಹೇಳಲಿಲ್ಲ

ಪ್ರೀತಿಯ ಶಾರದಕ್ಕ,

ಹೇಗಿದೀರಿ ಅಂತ ಕೇಳುವುದಿಲ್ಲ. ಕೇಳಿದರೆ ನೀವು ನಗುತ್ತೀರಿ, ನೀವು ನಕ್ಕರೆ ನನ್ನ ಸಿಟ್ಟು ಇಳಿದುಬಿಡುತ್ತದೆ. ಇವತ್ತು ಅದು ಇಳಿಯುವುದು ನನಗೆ ಬೇಡ. ನೀವು ಹೋಗಿ ಏಳು ತಿಂಗಳಾಯಿತು. ಮೊದಲ ಆರು ತಿಂಗಳು ನಿಮ್ಮನ್ನು ನೆನೆದು ಅಳುತ್ತಿದ್ದೆ. ಈ ಒಂದು ತಿಂಗಳಿಂದ ಕಾರಿನಲ್ಲಿ, ಸ್ನಾನದ ಮನೆಯಲ್ಲಿ, ಆಫೀಸಿನ ಲಿಫ್ಟಿನಲ್ಲಿ ನಿಮ್ಮ ಜೊತೆ ಜಗಳ ಆಡುತ್ತಿದ್ದೇನೆ. ಎದುರುತ್ತರ ಇಲ್ಲದ ಜಗಳ ಎಷ್ಟು ದಿನ ಆಡುವುದು? ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ವೈಕುಂಠ ಸಮಾರಾಧನೆಯ ದಿನ ನ್ಯೂಕ್ಯಾಸಲ್ಲಿನ ನಿಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಹೋಳಿಗೆ ಬಡಿಸುತ್ತಿರುವಾಗ ಯಾರೋ ಮೆಲ್ಲಗೆ ಕೇಳಿದರು, "ಇನ್ನು ಆ ಮಲಾವಿ ನಾಯಿಗಳ ಕಥೆ?" ಯಾರೂ ತಲೆ ಎತ್ತಲಿಲ್ಲ. ನನಗೆ ತಡೆಯಲಿಲ್ಲ. "ಇನ್ಮೇಲೆ ನಾನು ನೋಡ್ಕೋತೀನಿ" ಅಂದುಬಿಟ್ಟೆ. ನಿಮ್ಮ ಹಾಗೆ ಸಂಶೋಧನೆಗೆ ಅಂತ ಆ ದೇಶಕ್ಕೆ ಹೋದವಳಲ್ಲ ನಾನು. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಗಾಯದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಂಡೇಜ್ ಕಟ್ಟುತ್ತಿದ್ದ ಮೆರ್ಸಿಯನ್ನು ನೋಡಿದವಳೂ ಅಲ್ಲ. ನನ್ನ ಕೆಲಸ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಬೇರೆಯವರು ಚೆನ್ನಾಗಿದೆ ಅಂದದ್ದನ್ನು ಚೆನ್ನಾಗಿಲ್ಲ ಅಂತ ತೋರಿಸಿ ಸಂಬಳ ತೆಗೆದುಕೊಳ್ಳುವವಳು. ಅಂಥವಳ ಕೈಗೆ ಇದು ಬಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬೇಕಿತ್ತು.

ನನ್ನ ಫ್ರಿಜ್ಜಿನ ಬಾಗಿಲಿಗೆ ನೀವೇ ಫೋಟೋ ಅಂಟಿಸಿದ ದಿನ ನೆನಪಿದೆಯಾ? "ಇವಳು ಬೆಳ್ಳಿ. ಇವತ್ತಿಂದ ನಿನ್ನೋಳು." ಇಲ್ಲಿನ ನಮ್ಮ ಕನ್ನಡದವರ ಹತ್ತೊಂಬತ್ತು ಮನೆಗಳು, ಮನೆಗೊಂದು ನಾಯಿ. ಗಾಯವಾದವು ಮೆರ್ಸಿಯ ಆಶ್ರಯದ ಒಳಗೆ. ವಾಸಿಯಾದವು ಅದೇ ಊರಿನ ಸಂತೆಬೀದಿಯಲ್ಲಿ. ಅವುಗಳ ಊಟ, ಆಪರೇಷನ್, ವರ್ಷಕ್ಕೊಂದು ಹುಚ್ಚುನಾಯಿ ರೋಗದ ಲಸಿಕೆ, ಎಲ್ಲ ನಮ್ಮ ಚಂದಾದಿಂದ. ವರ್ಷಕ್ಕೊಮ್ಮೆ ಹೊಸ ಫೋಟೋ ಬರುತ್ತಿತ್ತು. ಹೆಸರೆಲ್ಲ ನೀವೇ ಇಟ್ಟದ್ದು: ಕೆಂಚ, ಗುಂಡ, ಚಿನ್ನಿ. ಮಾಧವ ರಾಯರ ಹೆಂಡತಿ ಸುಮಿತ್ರಮ್ಮ ಅಷ್ಟು ಫೋಟೋಗಳಲ್ಲಿ ಎಡಗಿವಿ ಹರಿದ ಕೆಂಚನನ್ನೇ ಆರಿಸಿಕೊಂಡರು. "ಇದನ್ನ ಇನ್ಯಾರು ತಗೋತಾರೆ" ಅಂದಿದ್ದರು.

ಈ ಮೇ ತಿಂಗಳಲ್ಲಿ ಮನೆಮನೆಗೆ ಕಳಿಸುವ ಫೋಟೋ ಜೋಡಿಸಲು ಕೂತೆ. ಹಳೆಯವನ್ನೂ ಪಕ್ಕದಲ್ಲಿಟ್ಟುಕೊಂಡೆ, ಅಭ್ಯಾಸಬಲ. ಐದು ವರ್ಷದ ಹಿಂದಿನ ಕೆಂಚನಿಗೆ ಹರಿದ ಕಿವಿ. ಈಗಿನ ಕೆಂಚನಿಗೆ ಎರಡು ಕಿವಿಯೂ ನೆಟ್ಟಗೆ. ಹರಿದ ಕಿವಿ ಚಿಗುರುತ್ತದೆಯಾ, ಶಾರದಕ್ಕ? ನನ್ನ ಬೆಳ್ಳಿಗೆ ನಾಲ್ಕು ಕಾಲಿಗೂ ಬಿಳಿ ಇತ್ತು, ಈಗ ಮೂರಕ್ಕೇ ಇದೆ. ನಾನೂ ಎಂಥವಳು ನೋಡಿ, ಪ್ರತಿ ವರ್ಷ ಫೋಟೋ ಬದಲಾಯಿಸಿದೆ, ನಾಯಿಯನ್ನು ಮಾತ್ರ ನೋಡಲೇ ಇಲ್ಲ. ಹುಡುಕುತ್ತಾ ಹೋದರೆ ಏಳು ನಾಯಿಗಳು ಬೇರೆ ನಾಯಿಗಳಾಗಿದ್ದವು. ಯಾವುದೋ ನಾಯಿ ತೋರಿಸಿ ದುಡ್ಡು ತಿನ್ನುತ್ತಿದ್ದಾರೆ ಅಂತ ತೀರ್ಮಾನ ಮಾಡಲು ನನಗೆ ಒಂದು ಕಪ್ ಕಾಫಿ ಮುಗಿಯುವಷ್ಟೂ ಹೊತ್ತು ಬೇಕಾಗಲಿಲ್ಲ.

ಮೆರ್ಸಿಗೆ ಖಾರವಾಗಿಯೇ ಬರೆದೆ. ಏಳು ನಾಯಿಗಳ ವಿವರ ಸಿಗುವವರೆಗೆ ನಮ್ಮಿಂದ ಏನೂ ಬರುವುದಿಲ್ಲ ಅಂದೆ. ಎರಡು ದಿನದ ಮೇಲೆ ಒಂದೇ ಸಾಲಿನ ಉತ್ತರ ಬಂತು: "ಇದು ಶಾರದಾಗೆ ಗೊತ್ತಿತ್ತು." ನನಗೆ ಮೈಯೆಲ್ಲ ಉರಿಯಿತು. ಸತ್ತವರ ತಲೆಗೆ ಕಟ್ಟಿದರೆ ಕೇಳುವವರು ಯಾರು ಅಂತ ಧೈರ್ಯವೇ? ನಮ್ಮ ಶಾರದಕ್ಕ ಅಂಥವರೇ? ಅವತ್ತೇ ಹತ್ತೊಂಬತ್ತು ಮನೆಗಳ ವಾಟ್ಸಾಪ್ ಗುಂಪಿಗೆ ಹಾಕಿದೆ, ಮೆರ್ಸಿ ನಮಗೆ ಮೋಸ ಮಾಡಿದ್ದಾರೆ ಅಂತ. ಮೆರ್ಸಿಯೂ ಆ ಗುಂಪಿನಲ್ಲಿದ್ದಾರೆ ಅನ್ನುವುದು ಮರೆತಿರಲಿಲ್ಲ. ಓದಲಿ ಅಂತಲೇ ಇಂಗ್ಲಿಷಿನಲ್ಲಿ ಹಾಕಿದೆ.

ಒಂದು ಸೋಮವಾರ ಬೆಳಿಗ್ಗೆ ಓವರ್‌ಲೇಕಿನ ಆಫೀಸಿನಲ್ಲಿ ಕಾರು ನಿಲ್ಲಿಸುತ್ತಿದ್ದೆ, ಮೆರ್ಸಿಯ ಮೆಸೇಜ್ ಬಂತು. ಸಂತೆಯಲ್ಲಿ ಒಂದು ಮಗುವಿಗೆ ಹುಚ್ಚುನಾಯಿ ಕಚ್ಚಿದೆ. ಶುಕ್ರವಾರ ಸಂಜೆಯ ಮೇಲೆ ಲಸಿಕೆಯ ಹಸಿರು ಪಟ್ಟಿ ಕತ್ತಿನಲ್ಲಿಲ್ಲದ ನಾಯಿಗಳಿಗೆಲ್ಲ ಸರ್ಕಾರದವರು ಗುಂಡು ಹೊಡೆಯುತ್ತಾರಂತೆ. ಈ ವರ್ಷದ ಲಸಿಕೆ ಇನ್ನೂ ಆಗಿಲ್ಲ. ರಾಜಧಾನಿಯ ಅಂಗಡಿಯವರು ಹಣ ಕೊಡದೆ ಬಾಕ್ಸ್ ಕಳಿಸುವುದಿಲ್ಲ. "ದಯವಿಟ್ಟು. ಫೋಟೋ ವಿಷಯ ಆಮೇಲೆ ಮಾತಾಡೋಣ." ನಾನು ನಕ್ಕೆ, ಶಾರದಕ್ಕ. ಮೋಸದ ಕಾಗದಗಳಲ್ಲೆಲ್ಲ ಒಂದು ಶುಕ್ರವಾರ ಇದ್ದೇ ಇರುತ್ತದೆ ಅಂದುಕೊಂಡು ಮೀಟಿಂಗಿಗೆ ಹೋದೆ. ಸೋಮವಾರ ಕಳೆಯಿತು. ಮಂಗಳವಾರವೂ ಕಳೆಯಿತು. ಆ ಎರಡು ದಿನ ನಾನು ಬಹಳ ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನು ನೆನೆದರೆ ಈಗ…

ಬುಧವಾರ ಮಧ್ಯಾಹ್ನ ನಿಮ್ಮ ಮಗಳು ಅನು ನಿಮ್ಮ ಮನೆಗೆ ಕರೆದಳು, ಹೋದೆ. ಮನೆ ಖಾಲಿ ಮಾಡಲು ಪೋರ್ಟ್‌ಲ್ಯಾಂಡಿನಿಂದ ಬಂದಿದ್ದಳು. ನಿಮ್ಮ ಇಡ್ಲಿ ಸ್ಟ್ಯಾಂಡು, ಒರಳು ಎಲ್ಲ ರಟ್ಟಿನ ಪೆಟ್ಟಿಗೆ ಸೇರಿದ್ದವು. ಕನ್ನಡ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ, ಅವತ್ತು ಕಷ್ಟಪಟ್ಟು ಕನ್ನಡದಲ್ಲಿ ಅಂದಳು, "ಆಂಟಿ, ನೀವು ಗ್ರೂಪಲ್ಲಿ ಹಾಕಿದ್ದು ನೋಡ್ದೆ. ಅಮ್ಮನ ಫೋನ್ ಇಲ್ಲಿದೆ. ಪ್ಲೀಸ್, ಇದನ್ನ ಕೇಳಿ." ಮೆರ್ಸಿಗೆ ನೀವು ಕಳಿಸಿದ್ದ ಧ್ವನಿ. ನಿಮ್ಮ ಮೈಸೂರಿನ ಇಂಗ್ಲಿಷು, ಮಧ್ಯೆ ನಿಮ್ಮ ಕೆಮ್ಮು, ಹಿಂದೆ ಕುಕ್ಕರಿನ ಕೂಗು. ಆರು ತಿಂಗಳ ಮೇಲೆ ನಿಮ್ಮ ದನಿ ಕೇಳಿದ ನನಗೆ ಮೊದಲ ಸಲ ಮಾತಿನ ಅರ್ಥ ತಲೆಗೆ ಹೋಗಲಿಲ್ಲ. ಎರಡನೇ ಸಲ ಹಾಕಿಸಿಕೊಂಡೆ.

ನೀವು ಹೇಳಿದ್ದು ಇಷ್ಟು. ಕೆಂಚ ಸತ್ತದ್ದು ರಾಯರಿಗೆ ಹೇಳಬೇಡ ಮೆರ್ಸಿ, ಆ ಮನೆಯಲ್ಲಿ ಸುಮಿತ್ರಾ ಹೋಗಿ ಎರಡು ತಿಂಗಳೂ ಆಗಿಲ್ಲ. ಮುಂದೆ ಬರುವ ಕೆಂಪು ನಾಯಿಗೆ ಕೆಂಚ ಅಂತಲೇ ಹೆಸರಿಡು. ನಮ್ಮಲ್ಲಿ ಹಾಗೇ ಮಾಡುತ್ತೇವೆ, ಅಜ್ಜಿ ಹೋದರೆ ಮೊಮ್ಮಗಳಿಗೆ ಅವಳ ಹೆಸರು. ನಾನೂ ನಮ್ಮಜ್ಜಿಯ ಹೆಸರಿನವಳೇ. ಹೆಸರು ಖಾಲಿ ಬೀಳಬಾರದು, ಅಂದಿರಿ. ಇದಕ್ಕೆ ಮೆರ್ಸಿ ಕಳಿಸಿದ ಉತ್ತರವೂ ಅದೇ ಫೋನಿನಲ್ಲಿತ್ತು. "ನನಗೆ ಇದು ಸರಿ ಕಾಣುವುದಿಲ್ಲ. ಆದರೆ ಅವರು ನಿಮ್ಮ ಜನ, ನಿಮಗೆ ಗೊತ್ತು." ಆಮೇಲೆ ಗುಂಡನಿಗೂ ಹಾಗೇ, ಚಿನ್ನಿಗೂ ಹಾಗೇ, ನನ್ನ ಬೆಳ್ಳಿಗೂ ಹಾಗೇ. ಸಾಲಾಗಿ ಏಳು. ಹೌದು ಅಕ್ಕ, ನಮ್ಮಲ್ಲಿ ಅಜ್ಜಿಯ ಹೆಸರು ಇಡುತ್ತೇವೆ. ಆದರೆ ಅಜ್ಜಿ ಸತ್ತಿಲ್ಲ ಅಂತ ಯಾರಿಗಾದರೂ ಹೇಳುತ್ತೇವೆಯೇ?

ಅನು ಕೊಟ್ಟ ನೀರು ಕುಡಿಯುತ್ತಾ ಗಡಿಯಾರ ನೋಡಿದೆ. ಇಲ್ಲಿ ಬುಧವಾರ ನಾಲ್ಕು ಗಂಟೆ, ಅಲ್ಲಿ ಆಗಲೇ ಗುರುವಾರ. ನನ್ನ ಕೈಯಿಂದಲೇ ಕಳಿಸೋಣವೆಂದರೆ ಹೊಸ ಖಾತೆಯಿಂದ ಅಷ್ಟು ಕಳಿಸಲು ಆ್ಯಪ್ ಬಿಡಲಿಲ್ಲ. ಗುಂಪಿನ ಖಾತೆಯಿಂದಲೇ ಹೋಗಬೇಕು, ಅದಕ್ಕೆ ಇಬ್ಬರ ಒಪ್ಪಿಗೆ ಬೇಕು. ಒಬ್ಬಳು ನಾನು. ಇನ್ನೊಬ್ಬರು ಯಾರು ಅಂತ ನಿಮಗೆ ಗೊತ್ತು, ವ್ಯವಸ್ಥೆ ನಿಮ್ಮದೇ. ಮಾಧವ ರಾಯರು! ಯಾರಿಗೆ ಈ ವಿಷಯ ಗೊತ್ತಾಗಬಾರದು ಅಂತ ಇಷ್ಟೆಲ್ಲ ಮಾಡಿದಿರೋ ಅವರ ಬೆರಳು ಬೀಳದೆ ಒಂದು ಪೈಸೆ ಅಲ್ಲಾಡುವುದಿಲ್ಲ. ಫೋನ್ ಮಾಡಿದರೆ ಅವರು ಖಡಾಖಂಡಿತವಾಗಿ ಹೇಳಿದರು, "ಮೋಸಗಾರರು ಅಂತ ನೀನೇ ಹೇಳಿದ್ಯಲ್ಲಮ್ಮಾ. ಕಾರಣ ಹೇಳ್ದೆ ನಾನು ಒತ್ತಲ್ಲ." ವಿಮಾನದ ರೆಕ್ಕೆ ಸರಿಯಿದೆ ಅಂತ ಮೂವತ್ತು ವರ್ಷ ಸಹಿ ಹಾಕಿದ ಮನುಷ್ಯ. ಫೋನಿನಲ್ಲಿ ಹೇಳುವ ವಿಷಯವೇ ಇದು?

ರೆಡ್ಮಂಡಿನ ಅವರ ಮನೆಗೆ ಹೊರಟೆ. ಹೆದ್ದಾರಿಯಲ್ಲಿ ಆಫೀಸು ಬಿಟ್ಟ ಹೊತ್ತಿನ ಕಾರುಗಳೆಲ್ಲ ನನ್ನ ಮುಂದೆಯೇ ನಿಂತಿದ್ದವು. ಸುಳ್ಳು ಹೇಳಲೇ ಅಂತ ಯೋಚಿಸಿದೆ, ನಿಮ್ಮಾಣೆ. ಲೆನ್ಸ್ ಬೇರೆ, ಬೆಳಕು ಬೇರೆ, ನಾನೇ ತಪ್ಪು ನೋಡಿದೆ ಅಂದರೆ ಮುಗಿಯಿತು. ಹಣ ಹೋಗುತ್ತದೆ, ನಾಯಿಗಳು ಉಳಿಯುತ್ತವೆ, ರಾಯರು ನೆಮ್ಮದಿಯಾಗಿರುತ್ತಾರೆ. ಆಮೇಲೆ ಮೆರ್ಸಿ? ಅವರ ಮೇಲೆ ನಾನು ಹೊರಿಸಿದ ಕಳ್ಳತನ? ಎರಡು ಎಕ್ಸಿಟ್ ದಾಟುವವರೆಗೂ ನನಗೆ ನೀವು ಯಾಕೆ ಹಾಗೆ ಮಾಡಿದಿರಿ ಅನ್ನುವುದು ಬಹಳ ಚೆನ್ನಾಗಿ ಅರ್ಥವಾಗುತ್ತಿತ್ತು. ಅದಕ್ಕೇ ಹೆದರಿಕೆ ಆಯಿತು.

ರಾಯರು ಬಾಗಿಲು ತೆರೆದು, "ಬಾಮ್ಮ, ಕಾಫಿ?" ಅಂದರು. ಬೇಡ ಅಂದೆ. ಅವರ ಫ್ರಿಜ್ಜಿನ ಮೇಲೆ ಐದು ವರ್ಷದ ಐದು ಫೋಟೋ ಒಂದರ ಕೆಳಗೊಂದು. ನಿಂತಲ್ಲೇ ಹೇಳಿದೆ. "ರಾಯರೇ, ಕೆಂಚ ಇಲ್ಲ. ಅದು ಹೋಗಿ ನಾಲ್ಕು ವರ್ಷದ ಮೇಲಾಯ್ತು." ಅವರು ಫ್ರಿಜ್ಜಿನ ಕಡೆ ತಿರುಗಿದರು. ಆಮೇಲೆ, "ಸುಮಿತ್ರ ಹೋದ್ಮೇಲಾ, ಮುಂಚೆನಾ?"

"ಆಮೇಲೆ. ಎರಡು ತಿಂಗಳೊಳಗೆ."

"ಸಾಯೋವಾಗ ಒಂಟಿಯಾಗಿತ್ತಾ?"

"ಇಲ್ಲ. ಮೆರ್ಸಿ ಜೊತೆಗಿದ್ರು, ಅವರ ಮೆಸೇಜಲ್ಲಿದೆ."

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನಾನು ದಿನಾ ಬೆಳಿಗ್ಗೆ ಇದರ ಹತ್ರ ಮಾತಾಡ್ತಿದ್ದೆ ಕಣಮ್ಮ. ಅವಳು ಬಿಟ್ಟು ಹೋದದ್ದು ಇದೊಂದಾದ್ರೂ ಇದೆ ಅಂತ. ಕಿವಿ ನೆಟ್ಟಗಾದಾಗ ಆಪರೇಷನ್ ಮಾಡ್ಸಿದಾರೆ ಅಂದ್ಕೊಂಡೆ. ನಂಗೆ ಹೇಳಿದ್ರೆ ನಾನೇನು ಸತ್ತೋಗ್ತಿದ್ನಾ? ಶಾರದಾ ಯಾರು ಅದನ್ನ ತೀರ್ಮಾನ ಮಾಡೋಕೆ?" ದನಿ ಏರಿತ್ತು. ನಾನು ಶುಕ್ರವಾರದ ವಿಷಯ ಹೇಳಿದೆ. ಅವರು ಫೋನ್ ಕೈಗೆತ್ತಿಕೊಂಡರು. ಬೆರಳು ಎರಡು ಸಲ ತಪ್ಪಿತು, ಮೂರನೇ ಸಲ ಬಿತ್ತು. "ಬದುಕಿರೋವಾದ್ರೂ ಉಳೀಲಿ" ಅಂದರು. ನಿಮ್ಮನ್ನು ಕ್ಷಮಿಸಿದೆ ಅಂತ ಮಾತ್ರ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಗುರುವಾರ ಲಸಿಕೆಯ ಐಸ್ ಬಾಕ್ಸ್ ಬಸ್ಸಿನಲ್ಲಿ ಬಂತು. ಮೆರ್ಸಿ ಮತ್ತು ಅವರ ಜೊತೆಯವರು ಶುಕ್ರವಾರ ಕತ್ತಲಾಗುವವರೆಗೆ ಸಂತೆಯೆಲ್ಲ ಓಡಾಡಿ ಹಿಡಿದರು, ಚುಚ್ಚಿದರು, ಹಸಿರು ಪಟ್ಟಿ ಕಟ್ಟಿದರು. ಅರ್ಧ ಗಂಟೆಗೊಂದು ಫೋಟೋ ಬರುತ್ತಿತ್ತು. ಗುಂಡ ಆಯಿತು, ಚಿನ್ನಿ ಆಯಿತು, ಈಗಿನ ಕೆಂಚ ಆಯಿತು. ನಾನು ಮೀಟಿಂಗಿನಲ್ಲಿ ಮೇಜಿನ ಕೆಳಗೆ ನೋಡುತ್ತಾ ಕೂತಿದ್ದೆ. ಕೊನೆಗೆ ಒಂದು ನಾಯಿ ಮಾತ್ರ ಸಿಗಲಿಲ್ಲ. ಶನಿವಾರ ಅದನ್ನು ಕಸಾಯಿ ಅಂಗಡಿಯ ಹಿಂದೆ ಹೊಡೆದರು. ಬೆಳ್ಳಿ. ನನ್ನ ಬೆಳ್ಳಿ, ಮೂರು ಬಿಳಿ ಕಾಲಿನದು.

ನಾನೇ ಫೋನ್ ಮಾಡಿದೆ. ಸೋಮವಾರವೇ ಕಳಿಸಿದ್ದರೆ ಅವಳು ಸಿಗುತ್ತಿದ್ದಳಾ ಅಂತ ಕೇಳಿದೆ. ಮೆರ್ಸಿ ನಿಮ್ಮ ಹಾಗಲ್ಲ, ಶಾರದಕ್ಕ. "ಹೌದು. ಮಂಗಳವಾರ ಅವಳು ನಮ್ಮ ಬಾಗಿಲಲ್ಲೇ ಮಲಗಿದ್ದಳು" ಅಂದರು. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕ್ಷಮಿಸಿ ಅಂದೆ. "ಹತ್ತೊಂಬತ್ತು ಮನೆಯ ಮುಂದೆ ನನ್ನನ್ನು ಕಳ್ಳಿ ಅಂದಿರಿ. ಕ್ಷಮೆಯನ್ನೂ ಅಲ್ಲೇ ಕೇಳಿ" ಅಂದರು. ಕೇಳಿದೆ. ಏಳು ಮನೆಗಳಿಗೆ, ಯಾವ ನಾಯಿ ಯಾವಾಗ ಹೋಯಿತು ಅಂತ ಒಂದೊಂದಾಗಿ ಬರೆದೆ. ನಿಮ್ಮ ಹೆಸರನ್ನೂ ಮುಚ್ಚಲಿಲ್ಲ, ನನ್ನದನ್ನೂ ಮುಚ್ಚಲಿಲ್ಲ. ಇಬ್ಬರು ಗುಂಪು ಬಿಟ್ಟರು. ಅವರಿಗೆ ಏನಂತ ಹೇಳಲಿ? ಉಳಿದವರು ಉಳಿದಿದ್ದಾರೆ.

ನೀವು ಇದ್ದಿದ್ದರೆ ಇಷ್ಟರಲ್ಲಿ, "ಆಯ್ತು ಬಿಡೇ, ಮುಂದೇನು?" ಅನ್ನುತ್ತಿದ್ದಿರಿ. ಹೇಳುತ್ತೇನೆ. ರಾಯರು ಆಮೇಲಿನ ನಾಲ್ಕು ಫೋಟೋ ತೆಗೆದಿಟ್ಟು ಹರಿದ ಕಿವಿಯದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಈಗಿನ ಕೆಂಚನ ಊಟಕ್ಕೂ ಅವರೇ ಕೊಡುತ್ತಿದ್ದಾರೆ. "ಹೊಸಬನಿಗೆ ಅವರೇ ಒಂದು ಹೆಸರಿಡ್ಲಿ, ಅವರ ಭಾಷೇಲಿ" ಅಂದರು. ನನಗೂ ಹೊಸ ನಾಯಿ ಬಂದಿದೆ. ಮುಂಗಾಲು ಕುಂಟು, ಮುಖ ನೋಡಿದರೆ ಜಗಳಗಂಟಿ. ಬೆಳ್ಳಿಯ ಹೆಸರು ಇಡಲೇ ಅಂತ ಮೆರ್ಸಿ ಕೇಳಿದರು, ನಿಮ್ಮ ಮರ್ಯಾದೆಗೆ ಇರಬೇಕು. ಬೇಡ ಅಂದೆ. ಅವರೇ ಪೆಪಾನಿ ಅಂತ ಇಟ್ಟರು. ಹಾಗಂದರೆ ಅಲ್ಲಿ "ಕ್ಷಮಿಸಿ" ಅಂತ. ಆ ಹೆಂಗಸಿಗೂ ನಾಲಗೆ ಚುರುಕು, ನಿಮ್ಮಿಬ್ಬರಿಗೆ ಯಾಕೆ ಅಷ್ಟು ಸರಿಹೋಗುತ್ತಿತ್ತು ಅಂತ ಈಗ ಗೊತ್ತಾಯಿತು.

ಫೋಟೋ ನೆನ್ನೆ ಬಂತು, ಫ್ರಿಜ್ಜಿಗೆ ಅಂಟಿಸಿದೆ. ಈ ನಾಯಿ ಸತ್ತರೆ ಅವತ್ತೇ ನನಗೆ ಫೋನ್ ಮಾಡುತ್ತೇನೆ ಅಂತ ಮೆರ್ಸಿ ಮಾತು ಕೊಟ್ಟಿದ್ದಾರೆ.

ನಿಮ್ಮ
ವೀಣಾ