ಮೆತ್ತಗೆ ಮಾಡಿದ ಎರಡು ಬೈಗುಳ

ಮಾರ್ಚ್ ೧೭, ಮಂಗಳವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ; ಬರೆಯಲು ಹೆದರಿಕೆಯಾಗಿತ್ತು. ನಿಮ್ಮ ಬೀದಿಯಲ್ಲಿ ಎಲ್ಲರೂ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸುತ್ತಿದ್ದಾರೆ ಎಂದು ಭಾವ ಫೋನಿನಲ್ಲಿ ಹೇಳಿದರು. ಗಡಿಯ ಪಕ್ಕದಲ್ಲೇ ನೀವಿದ್ದೀರಿ. ನಡೆದದ್ದು ನಿನಗಾದರೂ ಗೊತ್ತಿರಲಿ.

ಮಾತುಕತೆಯ ದಿನ ನಮ್ಮ ಅಧ್ಯಕ್ಷರ ಹಿಂದೆ ದುಭಾಷಿಯಾಗಿ ಕೂತಿದ್ದವಳು ನಾನು. ಎದುರಿನ ದೇಶದ ಪ್ರಧಾನಿಯ ಹಿಂದೆ ಕೂತಿದ್ದವನು ಯಾರು ಗೊತ್ತೇ? ನಾವು ಪಿಸುಮಾತು ಎಂದು ಹೆಸರಿಟ್ಟಿದ್ದ ಹುಡುಗ! ನನ್ನ ಜೊತೆ ಓದುವಾಗ ಒಂದು ವರ್ಷ ನಿನ್ನ ಮನೆಯಲ್ಲೇ ಊಟ ಮಾಡುತ್ತಿದ್ದನಲ್ಲ, ಇನ್ನೊಂದು ಚೂರು ಉಪ್ಪು ಕೇಳಲೂ ನಾಚುತ್ತಿದ್ದನಲ್ಲ, ಅವನೇ. ತಲೆ ಪೂರ್ತಿ ನೆರೆತಿದೆ. ಇಬ್ಬರೂ ಪರಿಚಯವಿದ್ದಂತೆ ತೋರಿಸಿಕೊಳ್ಳಲಿಲ್ಲ.

ಅರ್ಧ ಗಂಟೆಯಲ್ಲೇ ಮಾತು ಹದಗೆಟ್ಟಿತು. ನಮ್ಮವರು ಮೇಜು ಗುದ್ದಿ, "ಇವನಪ್ಪ ದೇಶ ಮಾರ್ಕೊಂಡು ತಿಂದ, ಇವನು ಮಾನ ಮಾರ್ಕೊಂಡು ತಿಂತಿದಾನೆ. ಹೇಳಮ್ಮ, ಹಾಗೇ ಹೇಳು" ಎಂದರು. ನನ್ನ ಕಣ್ಣ ಮುಂದೆ ನಿನ್ನ ಮನೆಯ ತಾರಸಿ ಬಂತು, ಅಲ್ಲಿ ಆಡುವ ಮಕ್ಕಳು ಬಂದರು. "ತಮ್ಮ ತಂದೆಯವರ ಕಾಲದ ಒಪ್ಪಂದ ನಮಗಿನ್ನೂ ಸರಿಕಂಡಿಲ್ಲ" ಎಂದೆ. ನಮ್ಮ ಭಾಷೆಯನ್ನು ಚೆನ್ನಾಗಿ ಬಲ್ಲ ಪಿಸುಮಾತು ತಲೆಯೆತ್ತಿ ನೋಡಿದ. ಸತ್ತೆ ಅಂದುಕೊಂಡೆ. ಅವನು ನಾನು ಹೇಳಿದ್ದನ್ನೇ ಬರೆದುಕೊಂಡ.

ಮೇಜು ಗುದ್ದಿದ್ದಕ್ಕೇ ಕೆರಳಿದ್ದ ಪ್ರಧಾನಿ, ಈ ಮುದಿ ಗೂಬೆಯ ಗಡ್ಡ ಹಿಡಿದು ಎಳೆಯುತ್ತೇನೆ ಎಂದು ಕೂಗಿದರು. ಪಿಸುಮಾತು ಗಂಟಲು ಸರಿಮಾಡಿಕೊಂಡು, "ಹಿರಿಯರಾದ ತಾವು ಇನ್ನೊಮ್ಮೆ ಯೋಚಿಸಬೇಕೆಂದು ಕೋರುತ್ತಾರೆ" ಎಂದ. ನಗು ತಡೆಯಲು ತುಟಿ ಕಚ್ಚಿಕೊಂಡೆ. ಸಂಜೆ ನಾಯಕರಿಬ್ಬರೂ ಕೈಕುಲುಕಿದರು. ಸೈನ್ಯಗಳು ಹಿಂದೆ ಸರಿದವು.

ಹತ್ತೇ ದಿನ. ಯಾರೋ ಸಭೆಯ ಧ್ವನಿಮುದ್ರಣವನ್ನು ಹೊರಗೆ ಬಿಟ್ಟರು. ಈಗ ಅವರಿಗೆ ದುಭಾಷಿಗಳೇ ಬೇಡ. ಟಿವಿಯಲ್ಲಿ ನೇರವಾಗಿ ಬೈದುಕೊಳ್ಳುತ್ತಿದ್ದಾರೆ. ಸೈನ್ಯ ಗಡಿಗೆ ಮರಳಿದ್ದು ನಿನಗೇ ಕಾಣುತ್ತಿರಬೇಕು.

ನನ್ನನ್ನು ವಿಚಾರಣೆಗೆ ಕರೆದರು. ಅಧಿಕಾರಿ ಬಹಳ ಮರ್ಯಾದಸ್ಥ. ಕುಡಿಯಲು ನೀರು ಕೊಟ್ಟು, "ಮೇಡಂ, ಬೇಕಂತ ಬದಲಾಯಿಸಿದ್ರಾ, ಇಲ್ಲಾ ಸರಿಯಾಗಿ ಕೇಳಿಸಲಿಲ್ವಾ?" ಎಂದ. ಅವನ ಆ ಮೆಲುದನಿಗೇ ಹೆದರಿ ಲೋಟದ ನೀರನ್ನು ಪೂರ್ತಿ ಕುಡಿದೆ. ಸಂಜೆಗೆ ಮನೆಗೆ ಬಿಟ್ಟರು. ಅಂದಿನಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಒಲೆ ಆರಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ.

ಮಕ್ಕಳನ್ನು ಕರೆದುಕೊಂಡು ನಿನ್ನ ನಾದಿನಿಯ ಮನೆಗೆ ಹೊರಟುಬಿಡು. ಭಾವನಿಗೆ ಹಟ ಬೇಡವೆನ್ನು. ಮಕ್ಕಳು ಎಲ್ಲಿದ್ದರೂ ತಣ್ಣಗಿರಲಿ, ನನ್ನ ಆಯುಷ್ಯವೂ ಅವರಿಗಿರಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ನನ್ನನ್ನು ಅಷ್ಟು ಬೇಗ ಹೇಗೆ ಬಿಟ್ಟರೆಂದು ನೀನು ಕೇಳಿಯೇ ಕೇಳುತ್ತೀಯ. "ಹೀಗೆ ಮಾಡು ಅಂತ ಆ ಕಡೆ ದುಭಾಷಿನೇ ಮೊದಲು ಹೇಳಿಕೊಟ್ಟನಾ?" ಎಂದು ಅಧಿಕಾರಿ ಕೇಳಿದ. ಹೌದು ಎಂದೆ. ಸಹಿಯನ್ನೂ ಹಾಕಿದೆ. ಅದು ಸುದ್ದಿಯಾಯಿತು, ಪಿಸುಮಾತನ್ನು ಅವನ ದೇಶದ ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ. ನಿನ್ನೆ ಅವನ ಹೆಂಡತಿ ಫೋನ್ ಮಾಡಿ, "ನೀವೊಂದು ಮಾತು ನಿಜ ಹೇಳಿದ್ರೆ ಬಿಡ್ತಾರಂತೆ" ಎಂದು ಅತ್ತಳು. ರಾಂಗ್ ನಂಬರ್ ಎಂದೆ. ಅವಳ ಭಾಷೆಯಲ್ಲೇ ಎಂದೆ.